ಅಂಬಾಸಿಡರ್ ಕೈಕೊಟ್ಟಾಗ: ಕರೆಂಟಿನ ಜಾಡು ಹಿಡಿದು ದೋಷ ಹುಡುಕುವುದು ಹೇಗೆ

ಒಂದು ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಅಂಬಾಸಿಡರ್ ಕೈಕೊಟ್ಟಿತು. ಐಡಲ್‌ನಲ್ಲಿ ಒಂಚೂರೂ ತಕರಾರಿಲ್ಲ. ಗೇರ್ ಹಾಕಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ ಸಾಕು, ಮುಕ್ಕರಿಸಿ ಆಫ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವ ಆಸೆ ಹಾಗೇ ಉಳಿಯಿತು. ಗಾಡಿಯನ್ನು ಕೆಳಗೆ ಇಳಿಸಿ ಒಂದು ಗ್ಯಾರೇಜಿಗೆ ಸೇರಿಸಿದೆವು. ಕಾಯಿಲ್ ಬದಲಾಯಿತು, ಕಂಡೆನ್ಸರ್ ಬದಲಾಯಿತು, ನಾಲ್ಕು ಪ್ಲಗ್ಗೂ ಬದಲಾಯಿತು. ತೊಂದರೆ ಮಾತ್ರ ಬದಲಾಗಲಿಲ್ಲ. ಕೊನೆಗೆ ಸಿಕ್ಕ ಕಾರಣ ಎರಡು ಇಂಚಿನ ಒಂದು ವೈರ್. ಅದರ ಕಥೆ ಮುಂದೆ ಹೇಳುತ್ತೇನೆ.

ಆವತ್ತು ನಾವು ಮಾಡಿದ ತಪ್ಪು ಒಂದೇ. ದೋಷ ಎಲ್ಲಿದೆ ಅಂತ ನೋಡದೆ ಸಾಮಾನು ಬದಲಿಸುತ್ತಾ ಹೋದೆವು. ಹಳೇ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕರೆಂಟು ಬ್ಯಾಟರಿಯಿಂದ ಹೊರಟು, ಸ್ವಿಚ್ ದಾಟಿ, ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಕಾಯಿಲ್ ಹೊಕ್ಕು, ತೆರೆದು ಮುಚ್ಚುವ ಸಣ್ಣ ಸ್ವಿಚ್ಚಾದ ಪಾಯಿಂಟ್ ಮೂಲಕ ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ (ಅದೇ ಅರ್ಥ್) ಇಳಿಯುತ್ತದೆ. ಆ ದಾರಿಯಲ್ಲೇ ನಾವೂ ನಡೆದರೆ, ಅದು ಎಲ್ಲಿ ನಿಂತಿದೆ ಅಂತ ಗೊತ್ತಾಗಲೇಬೇಕು.

ಇಲ್ಲಿ ಹೇಳುವುದು ಮುಖ್ಯವಾಗಿ 1489 ಸಿಸಿಯ ಹಳೇ ಪೆಟ್ರೋಲ್ ಅಂಬಾಸಿಡರ್ ಬಗ್ಗೆ. ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ಅಂಬಾಸಿಡರ್ ತಯಾರಾಯಿತು. ನಿಮ್ಮ ಹತ್ತಿರ ಪ್ರೀಮಿಯರ್ ಪದ್ಮಿನಿಯೋ ಸ್ಟ್ಯಾಂಡರ್ಡ್ ಹೆರಾಲ್ಡೋ ಇದ್ದರೂ ಹುಡುಕುವ ಕ್ರಮ ಇದೇ. ಅಳತೆಗಳನ್ನು ಮಾತ್ರ ಆಯಾ ಗಾಡಿಯ ಮ್ಯಾನ್ಯುಯಲ್ ನೋಡಿ ಹಿಡಿಯಿರಿ.

ಕೈಯಲ್ಲಿ ಏನಿರಬೇಕು

ಒಂದು ಸಾಧಾರಣ ಮಲ್ಟಿಮೀಟರ್. 12 ವೋಲ್ಟಿನ ಬಲ್ಬಿಗೆ ಎರಡು ಉದ್ದ ವೈರ್ ಬೆಸೆದ ಟೆಸ್ಟ್ ಲ್ಯಾಂಪ್. ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ಗಜ ವೈರ್, ಸ್ಕ್ರೂ ಡ್ರೈವರ್, ಹಿಡಿಗೆ ದಪ್ಪ ಇನ್ಸುಲೇಷನ್ ಇರುವ ಕಟಿಂಗ್ ಪ್ಲೇಯರ್, ಎಮರಿ ಪೇಪರ್. ನನ್ನನ್ನು ಕೇಳಿದರೆ, ಮೀಟರ್‌ಗಿಂತ ಟೆಸ್ಟ್ ಲ್ಯಾಂಪೇ ಜಾಸ್ತಿ ನಂಬಿಕೆಯದ್ದು. ಒಂದೇ ಎಳೆಯಲ್ಲಿ ಜೋತಾಡುತ್ತಿರುವ ವೈರ್‌ನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಉರಿಯಬೇಕಾದರೆ ನಿಜವಾಗಿ ಕರೆಂಟು ಹರಿಯಬೇಕು.

ಶುರು ಮಾಡುವ ಮುಂಚೆ ಎರಡು ಮೂರು ಎಚ್ಚರಿಕೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಫ್ಯಾನ್ ಹತ್ತಿರ ಶಾಲು, ಪಂಚೆಯ ಚುಂಗು, ಸಡಿಲ ತೋಳು ಬೇಡ. ಪ್ಲಗ್ ವೈರ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದು ಆರುವವರೆಗೆ ಕಿಡಿ ಪರೀಕ್ಷೆಗೆ ಹೋಗಬೇಡಿ. ಎಂಜಿನ್ ಓಡದೆ ಇರುವಾಗ ಇಗ್ನಿಷನ್ ಆನ್ ಮಾಡಿ ಮರೆತುಬಿಟ್ಟರೆ ಕಾಯಿಲ್ ಸುಡುತ್ತದೆ.

ಇನ್ನೊಂದು ಮಾತು. ಇಂಗ್ಲಿಷ್ ಮೂಲದ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುವುದುಂಟು. ನಿಮ್ಮದು ಯಾವುದು ಅಂತ ಮೊದಲು ಕಣ್ಣಾರೆ ನೋಡಿ. ನಾನು ಇಲ್ಲಿ ಮೈನಸ್ ಬಾಡಿಗೆ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಬ್ಯಾಟರಿ ಬಿಚ್ಚುವಾಗ ಬಾಡಿಗೆ ಸೇರಿದ ವೈರ್ ಮೊದಲು, ಹಾಕುವಾಗ ಅದು ಕೊನೆಗೆ.

ಮೊದಲ ಹೆಜ್ಜೆ: ಸೆಲ್ಫ್ ಹೊಡೆಯುತ್ತಿದೆಯಾ?

ಹೊಡೆಯುತ್ತಿದ್ದು ಸ್ಟಾರ್ಟ್ ಆಗದಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಸೆಲ್ಫೇ ಎತ್ತುತ್ತಿಲ್ಲ ಅಂದರೆ ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಆರಿದರೆ ಬ್ಯಾಟರಿ ಟರ್ಮಿನಲ್ಲೋ ದಪ್ಪ ಕೇಬಲ್ಲೋ ಸಡಿಲ. ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಸೆಲ್ಫ್ ಮೋಟರ್ ಸಿಕ್ಕಿಹಾಕಿಕೊಂಡಿದೆ. ಲೈಟ್ ಕದಲದೆ ಹಾಗೇ ಉರಿದರೆ ಕರೆಂಟು ಮೋಟರ್‌ವರೆಗೆ ಹೋಗುತ್ತಲೇ ಇಲ್ಲ. ಆಗ ಸೆಲ್ಫ್ ಮೋಟರ್‌ಗೆ ಕರೆಂಟು ಬಿಡುವ ಸಾಲಿನಾಯ್ಡ್ ಮತ್ತು ಸ್ವಿಚ್ಚಿನ ವೈರ್ ನೋಡಿ.

ಬ್ಯಾಟರಿಗೆ ಮೀಟರ್ ಇಡಿ. ರಾತ್ರಿಯೆಲ್ಲ ಸುಮ್ನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಚಾರ್ಜ್ ಮಾಡಿ ಮತ್ತೆ ನೋಡಿ. ಆಮೇಲೂ ಕುಸಿದರೆ ಬ್ಯಾಟರಿಯ ಕಾಲ ಮುಗಿದಿದೆ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನವಾಗಿ ನರಳುತ್ತಿದ್ದರೆ ಅರ್ಥ್ ಮೇಲೆ ಅನುಮಾನ ಪಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದನ್ನೂ ಬಾಡಿಯನ್ನೂ ಒಂದು ಹೆಣೆದ ಪಟ್ಟಿ ಜೋಡಿಸುತ್ತದೆ. ಆ ಪಟ್ಟಿ ತುಕ್ಕು ಹಿಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ ಮೂಲಕ ಹರಿಯುತ್ತದೆ! ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಬಿಸಿಯಾಗಿದ್ದರೆ ಬೇರೆ ಸಾಕ್ಷಿ ಬೇಡ. ಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಬೇಕೆಂದರೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಬಿಚ್ಚಿ, ಬಣ್ಣ ತುಕ್ಕು ಎಲ್ಲ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿ.

'ಕಟಕ್' ಅಂತ ಒಂದೇ ಶಬ್ದ ಬಂದು ನಿಂತರೆ ಸೆಲ್ಫ್ ಮೋಟರ್‌ನ ಹಲ್ಲು ಫ್ಲೈವೀಲ್‌ನಲ್ಲಿ ಕಚ್ಚಿಕೊಂಡಿರಬಹುದು. ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಎರಡನೇ ಹೆಜ್ಜೆ: ಕಿಡಿ ಇದೆಯಾ ಇಲ್ಲವಾ?

ಕಿಡಿಯನ್ನು ನಾಲ್ಕು ಪ್ಲಗ್ಗಿಗೂ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವೆ ಕಾಯಿಲ್‌ನಿಂದ ಬರುವ ದಪ್ಪ ವೈರ್ ಇದೆಯಲ್ಲ, ಅದನ್ನು ಕ್ಯಾಪಿನಿಂದ ಎಳೆದು, ಇನ್ಸುಲೇಷನ್ ಇರುವ ಪ್ಲೇಯರ್‌ನಲ್ಲಿ ಹಿಡಿದು, ತುದಿ ಎಂಜಿನ್ ಬ್ಲಾಕಿನಿಂದ 6 ಮಿ.ಮೀ. ದೂರ ಇರಲಿ. ಕಾರ್ಬುರೇಟರ್ ಕಡೆ ಬೇಡ. ಈಗ ಸೆಲ್ಫ್ ಹೊಡೆಸಿ.

'ಚಟ್ ಚಟ್' ಅಂತ ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಎಲ್ಲ ಕೆಲಸ ಮಾಡುತ್ತಿವೆ. ತೊಂದರೆ ಅಲ್ಲಿಂದ ಮುಂದೆ, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್, ಕ್ಯಾಪ್, ಪ್ಲಗ್ ವೈರ್, ಪ್ಲಗ್ ಕಡೆ. ಕಿಡಿಯೇ ಇಲ್ಲ, ಅಥವಾ ಸಣಕಲು ಹಳದಿ ಕಿಡಿ ಬಂದರೆ ತೊಂದರೆ ಅಲ್ಲಿಂದ ಹಿಂದೆ. ಒಂದೇ ನಿಮಿಷದಲ್ಲಿ ಅರ್ಧ ಗಾಡಿಯನ್ನು ಪಟ್ಟಿಯಿಂದ ಹೊಡೆದುಹಾಕಿದಂತಾಯಿತು. ಚಾರ್ಮಾಡಿಯಲ್ಲಿ ನಾವು ಇದನ್ನೂ ಮಾಡಲಿಲ್ಲ, ನೋಡಿ.

ಬೇಸಿಗೆಯಲ್ಲಿ ಇದೇ ಪರೀಕ್ಷೆ ಇನ್ನೊಂದು ಜಗಳವನ್ನೂ ತೀರಿಸುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಗಾಡಿ ನಿಲ್ಲುತ್ತದೆ, ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಒಬ್ಬರು ಕಾಯಿಲ್ ಬಿಸಿ ಅನ್ನುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಆವಿಯಾಗಿ ಲಾಕ್ ಆಗಿದೆ ಅಂತ ಫ್ಯೂಯಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ. ಗಾಡಿ ನಿಂತ ಆ ಗಳಿಗೆಯಲ್ಲೇ ಕಿಡಿ ನೋಡಿ. ಕಿಡಿ ಜೋರಾಗಿದ್ದರೆ ಒದ್ದೆ ಬಟ್ಟೆಯವರು ಗೆದ್ದರು. ತಣ್ಣಗಾದ ಮೇಲೆ ನೋಡಿ ಪ್ರಯೋಜನವಿಲ್ಲ.

ಮೂರನೇ ಹೆಜ್ಜೆ: ಕಿಡಿ ಇಲ್ಲದಿದ್ದರೆ

ಕಾಯಿಲ್‌ಗೆ ಎರಡು ಸಣ್ಣ ಟರ್ಮಿನಲ್ ಇವೆ. ಒಂದಕ್ಕೆ ಇಗ್ನಿಷನ್ ಸ್ವಿಚ್‌ನಿಂದ ಬಿಳಿ ವೈರ್ ಬರುತ್ತದೆ. ಇನ್ನೊಂದರಿಂದ ವೈರ್ ಡಿಸ್ಟ್ರಿಬ್ಯೂಟರ್‌ಗೆ ಹೋಗುತ್ತದೆ. ಲೂಕಾಸ್ ಅನ್ನುವ ಇಂಗ್ಲಿಷ್ ಕಂಪನಿಯ ಪದ್ಧತಿಯ ವೈರಿಂಗ್‌ನಲ್ಲಿ ಬಣ್ಣಗಳಿಗೆ ಅರ್ಥವಿದೆ. ಕಂದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಇಗ್ನಿಷನ್ ಸ್ವಿಚ್ ದಾಟಿದ್ದು, ಹಸಿರು ಇಗ್ನಿಷನ್ ಜೊತೆ ಫ್ಯೂಸನ್ನೂ ದಾಟಿದ್ದು, ಕಪ್ಪು ಅರ್ಥ್. ಇಷ್ಟು ನೆನಪಿದ್ದರೆ ಸಾಕು. ಮೂವತ್ತು ವರ್ಷದಲ್ಲಿ ಯಾರ್ಯಾರೋ ಕೈ ಆಡಿಸಿ, ಕೈಗೆ ಸಿಕ್ಕ ಬಣ್ಣ ಸೇರಿಸಿ ಟೇಪ್ ಸುತ್ತಿರುತ್ತಾರೆ. ಆಗ ಬಣ್ಣವನ್ನು ನಂಬಬೇಡಿ, ಟೆಸ್ಟ್ ಲ್ಯಾಂಪ್ ನಂಬಿ.

ಇಗ್ನಿಷನ್ ಆನ್ ಮಾಡಿ. ಲ್ಯಾಂಪಿನ ಒಂದು ವೈರ್ ಬಾಡಿಗೆ, ಇನ್ನೊಂದು ಬಿಳಿ ವೈರ್ ಇರುವ ಟರ್ಮಿನಲ್‌ಗೆ. ಉರಿಯದಿದ್ದರೆ ಕರೆಂಟು ಕಾಯಿಲ್‌ವರೆಗೆ ಬಂದೇ ಇಲ್ಲ. ಕ್ಲಿಪ್ ವೈರ್ ತೆಗೆದುಕೊಂಡು ಬ್ಯಾಟರಿ ಪ್ಲಸ್‌ನಿಂದ ಆ ಟರ್ಮಿನಲ್‌ಗೆ ನೇರ ಕೊಡಿ. ಗಾಡಿ ಸ್ಟಾರ್ಟ್ ಆದರೆ ದೋಷ ಸ್ವಿಚ್ಚಿನಲ್ಲೋ ವೈರಿಂಗ್‌ನಲ್ಲೋ ಇದೆ. ದಾರಿಯಲ್ಲಿ ನಿಂತಾಗ ಮನೆ ಸೇರಲು ಇದು ಸಾಕು. ಆದರೆ ಕೀ ತಿರುಗಿಸಿದರೆ ಎಂಜಿನ್ ಆಫ್ ಆಗುವುದಿಲ್ಲ, ಕ್ಲಿಪ್ ಕಿತ್ತರೇ ಆಫ್. ಆ ವೈರ್‌ಗೆ ಫ್ಯೂಸ್ ಇಲ್ಲ ಅನ್ನುವುದೂ ನೆನಪಿರಲಿ, ಎಲ್ಲೂ ತಾಗದಂತೆ ಕಟ್ಟಿ.

ಅಲ್ಲಿ ಲ್ಯಾಂಪ್ ಉರಿದರೆ ಅದನ್ನು ಕಾಯಿಲ್‌ನ ಇನ್ನೊಂದು ಟರ್ಮಿನಲ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ನಾನು ಅತಿ ಹೆಚ್ಚು ಬಳಸುವ ಪರೀಕ್ಷೆ ಇದು. ಲ್ಯಾಂಪ್ ಮಿಣುಕಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಸತತವಾಗಿ ಉರಿಯುತ್ತಲೇ ಇದ್ದರೆ ಪಾಯಿಂಟ್‌ನಿಂದ ಕರೆಂಟು ಬಾಡಿಗೆ ಇಳಿಯುತ್ತಿಲ್ಲ: ಪಾಯಿಂಟ್ ಮೇಲೆ ಎಣ್ಣೆ, ಕರಿ, ತುಕ್ಕು ಇದೆ, ಅಥವಾ ಒಳಗಿನ ವೈರ್ ತುಂಡಾಗಿದೆ. ಉರಿಯಲೇ ಇಲ್ಲ ಅಂದರೆ ಪಾಯಿಂಟ್ ಯಾವಾಗಲೂ ಶಾರ್ಟ್ ಆಗಿದೆ, ಅಥವಾ ಕಾಯಿಲ್ ಒಳಗೇ ತುಂಡಾಗಿದೆ. ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ನೋಡಿ. ಈಗ ಉರಿದರೆ ಕಾಯಿಲ್ ನಿರಪರಾಧಿ.

ಹೊಸ ಪಾಯಿಂಟ್ ಹಾಕಿದ ಮೇಲೆ ಗಾಡಿ ಸತ್ತರೆ ಬಹುಮಟ್ಟಿಗೆ ಈ ಶಾರ್ಟೇ ಕಾರಣ. ಪಾಯಿಂಟ್ ಸ್ಪ್ರಿಂಗ್ ಕೂರುವ ಬೋಲ್ಟಿಗೆ ಒಂದು ಫೈಬರ್ ವಾಷರ್ ಇರುತ್ತದೆ. ಅದು ತಪ್ಪಿ ಕೂತರೆ, ಅಥವಾ ಕಂಡೆನ್ಸರ್ ವೈರ್‌ನ ತುದಿ ಪ್ಲೇಟಿಗೆ ತಾಗಿದರೆ ಮುಗಿಯಿತು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಅಪ್ಪನ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ.

ಕಾಯಿಲ್ ಅಳೆಯಬೇಕೆಂದರೆ ಎರಡೂ ಸಣ್ಣ ಟರ್ಮಿನಲ್‌ಗಳ ವೈರ್ ಬಿಚ್ಚಿ, ಅವುಗಳ ನಡುವೆ ಓಮ್ಸ್ ನೋಡಿ. ಬ್ಯಾಲಸ್ಟ್ (ಕರೆಂಟು ತಗ್ಗಿಸುವ ರೆಸಿಸ್ಟರ್) ಇಲ್ಲದ ಮಾಮೂಲಿ 12 ವೋಲ್ಟ್ ಕಾಯಿಲ್‌ನಲ್ಲಿ ಸುಮಾರು 3 ಓಮ್ಸ್ ಬರುತ್ತದೆ. 1.5 ಓಮ್ಸ್ ಬಂದರೆ ಅದು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸುವ ಕಾಯಿಲ್. ಅದನ್ನು ಸುಮ್ನೆ ನೇರ ಹಾಕಿದರೆ ಪಾಯಿಂಟ್ ಬೇಗ ಸುಡುತ್ತದೆ, ಕಾಯಿಲ್ಲೂ ಕಾದುಹೋಗುತ್ತದೆ. ಅಂಗಡಿಯವರು ಎರಡನ್ನೂ ಒಂದೇ ಅನ್ನುವ ಹಾಗೆ ಕೊಡುತ್ತಾರೆ, ನೋಡಿ ತಗೊಳ್ಳಿ.

ಪಾಯಿಂಟ್ ಗ್ಯಾಪ್ ಇಡುವುದು

ಹಳೇ ಅಂಬಾಸಿಡರ್‌ಗೆ ಹ್ಯಾಂಡಲ್ ಹಾಕಿ ತಿರುಗಿಸುವ ಸೌಕರ್ಯ ಇತ್ತಲ್ಲ, ಅದರ ನಿಜವಾದ ಉಪಯೋಗ ಇಲ್ಲಿದೆ. ಇಗ್ನಿಷನ್ ಆಫ್ ಮಾಡಿ, ಪ್ಲಗ್ ನಾಲ್ಕೂ ಬಿಚ್ಚಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಪಾಯಿಂಟಿನ ಹಿಮ್ಮಡಿ, ಅಂದರೆ ತಿರುಗುವ ಶಾಫ್ಟಿನ ಕ್ಯಾಮ್‌ಗೆ ಒರಗಿರುವ ಭಾಗ, ಕ್ಯಾಮ್‌ನ ಮೂಲೆಯ ತುದಿಗೆ ಬಂದು ಪಾಯಿಂಟ್ ಪೂರ್ತಿ ತೆರೆದಾಗ ನಿಲ್ಲಿಸಿ. ಲೂಕಾಸ್ ಡಿಸ್ಟ್ರಿಬ್ಯೂಟರ್‌ಗೆ 14ರಿಂದ 16 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 0.35ರಿಂದ 0.40 ಮಿ.ಮೀ. ಗ್ಯಾಪ್ ಇರಬೇಕು. 15 ಥೌ ಬ್ಲೇಡ್ ಸ್ವಲ್ಪವೇ ತಡೆದು ಜಾರಬೇಕು. ಸ್ಕ್ರೂ ಬಿಗಿ ಮಾಡುವಾಗ ಗ್ಯಾಪ್ ಸರಿಯುತ್ತದೆ, ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಹಳೇ ಪಾಯಿಂಟಿನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳಕೆಯ ಹಾಗೆ ಗುಬ್ಬಿ ಎದ್ದಿರುತ್ತದೆ. ಅದರ ಮೇಲೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಗುಬ್ಬಿಯನ್ನು ಉಜ್ಜಿ ತೆಗೆಯಿರಿ, ಇಲ್ಲವೇ ಹೊಸದು ಹಾಕಿ.

ಪಾಯಿಂಟ್ ನೀಲಿಗಟ್ಟಿ ಸುಟ್ಟಿದ್ದರೆ, ಎಂಜಿನ್ ಓಡುವಾಗ ಪಾಯಿಂಟ್ ಮಧ್ಯೆ ದೊಡ್ಡ ಕಿಡಿ ಕಾಣುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಹಿಮ್ಮಡಿಗೆ ಚೂರೇ ಚೂರು ಗ್ರೀಸ್ ಹಚ್ಚಿ. ಜಾಸ್ತಿ ಹಚ್ಚಿದರೆ ಸಿಡಿದು ಪಾಯಿಂಟ್ ಮೇಲೆ ಕೂರುತ್ತದೆ. ಹಚ್ಚದೇ ಬಿಟ್ಟರೆ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚುತ್ತಾ ಬರುತ್ತದೆ, ಕಿಡಿ ಹಾರುವ ಟೈಮಿಂಗ್ ಹಿಂದೆ ಬೀಳುತ್ತದೆ. ಹಾಗಾಗಿ ಗ್ಯಾಪ್ ಸರಿ ಮಾಡಿದಾಗಲೆಲ್ಲ ಟೈಮಿಂಗ್ ನೋಡಲೇಬೇಕು. ಪುಲ್ಲಿಯ ಗುರುತನ್ನು ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ತಂದು, ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೆ ಟೆಸ್ಟ್ ಲ್ಯಾಂಪ್ ಹಾಕಿ, ಇಗ್ನಿಷನ್ ಆನ್ ಮಾಡಿ, ಕ್ಲಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರ್ ಮೆಲ್ಲಗೆ ತಿರುಗಿಸಿ. ಲ್ಯಾಂಪ್ ಹೊತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಅಲ್ಲೇ ಬಿಗಿ ಮಾಡಿ.

ಆ ಎರಡು ಇಂಚಿನ ವೈರ್

ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತಿರುವ ಪ್ಲೇಟ್ ಒಂದೇ ಕಡೆ ನಿಂತಿರುವುದಿಲ್ಲ. ಕಾರ್ಬುರೇಟರ್ ಕಡೆಯ ಗಾಳಿಯ ಎಳೆತದಿಂದ ಕಿಡಿಯನ್ನು ಸ್ವಲ್ಪ ಮುಂಚೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಅದನ್ನು ಎಳೆಯುತ್ತದೆ, ಬಿಡುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಪ್ಲೇಟ್ ಸ್ವಲ್ಪ ತಿರುಗುತ್ತದೆ. ಅದರ ಜೊತೆ ಎರಡು ಸಣ್ಣ ವೈರ್ ಬಾಗಬೇಕು: ಪಾಯಿಂಟಿಗೆ ಕರೆಂಟು ತರುವುದು ಒಂದು, ಪ್ಲೇಟನ್ನು ಬಾಡಿಗೆ ಸೇರಿಸುವುದು ಇನ್ನೊಂದು. ಲಕ್ಷಾಂತರ ಸಲ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಮೇಲಿನ ಹೊದಿಕೆ ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತದೆ. ಐಡಲ್‌ನಲ್ಲಿ ತುಂಡಾದ ತುದಿಗಳು ತಾಗಿಕೊಂಡಿರುತ್ತವೆ. ಪ್ಲೇಟ್ ತಿರುಗಿದ ಕೂಡಲೇ ದೂರ ಸರಿಯುತ್ತವೆ, ಕಿಡಿ ಮಾಯ.

ಚಾರ್ಮಾಡಿಯಲ್ಲಿ ಆಗಿದ್ದು ಇದೇ. ಮನೆಗೆ ತಂದ ಮೇಲೆ ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ, ಒರೆಸಿ, ಎಂಜಿನ್ ಐಡಲ್‌ನಲ್ಲಿರುವಾಗ ಬಾಯಿಂದ ಎಳೆದೆ. ಎಂಜಿನ್ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಎಳೆದೆ, ಮತ್ತೆ ಆಫ್. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ತುಂಡಾಗಿದ್ದರೆ ಮಾತ್ರ ಹೀಗೆ ಹಿಗ್ಗುವುದು. ಬದಲಿಸುವಾಗ ತುಂಬಾ ಸಣ್ಣ ಎಳೆಗಳಿರುವ ಮೆತ್ತನೆ ವೈರನ್ನೇ ಹಾಕಿ. ಮನೆ ವೈರಿಂಗಿನ ಗಟ್ಟಿ ವೈರ್ ಹಾಕಿದರೆ ಪ್ಲೇಟ್ ತಿರುಗುವುದಕ್ಕೇ ಅಡ್ಡಿ.

ಕಿಡಿ ಇದೆ, ಆದರೂ ಮಿಸ್ಸಿಂಗ್

ಮೊದಲು ಪ್ಲಗ್ ವೈರ್‌ಗಳ ಕ್ರಮ ನೋಡಿ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಕ್ರಮ, 1-3-4-2. ಒಂದನೆಯದು ರೇಡಿಯೇಟರ್ ಪಕ್ಕದ್ದು. ಮೇಲಿನಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ವೈರ್ ಎರಡು ಅದಲು ಬದಲಾದರೆ ಕೆಮ್ಮುತ್ತದೆ, ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆಯುತ್ತದೆ.

ಕ್ಯಾಪ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಪೆನ್ಸಿಲಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಇದ್ದರೆ ಕಿಡಿ ಅದರ ಮೇಲೆ ಓಡಾಡಿದೆ. ಕೆರೆದರೆ ನಾಲ್ಕು ದಿನ ನಡೆಯುತ್ತದೆ, ಅಷ್ಟೇ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗ್ ಮೇಲೆ ಕುಣಿಯಬೇಕು. ಮಲೆನಾಡಿನ ಮಳೆಯಲ್ಲಿ ಬೆಳಗ್ಗೆ ಸ್ಟಾರ್ಟ್ ಆಗದ ಗಾಡಿಗೆ ಎಷ್ಟೋ ಸಲ ಕ್ಯಾಪಿನ ಒಳಗೂ ಹೊರಗೂ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತದೆ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ ನೋಡಿ, ಸೋರುವ ವೈರ್ ಸುತ್ತ ನೀಲಿ ಮಿಂಚು ಹರಿದಾಡುತ್ತದೆ. ಕಣ್ಣಿಗೆ ಹಬ್ಬ, ಜೇಬಿಗೆ ಖರ್ಚು.

ರೋಟರ್ ಮೋಸಗಾರ. ನೋಡಲು ಹೊಸದರಂತೆ ಇರುತ್ತದೆ, ಒಳಗೆ ಕೂದಲೆಳೆಯ ಬಿರುಕಿನಿಂದ ಕಿಡಿ ಶಾಫ್ಟಿಗೆ ಸೋರುತ್ತಿರುತ್ತದೆ. ಪರೀಕ್ಷೆ ಹೀಗೆ: ರೋಟರ್ ಅದರ ಜಾಗದಲ್ಲೇ ಇರಲಿ, ಪಾಯಿಂಟ್ ಮುಚ್ಚಿರಲಿ. ಕಾಯಿಲ್‌ನ ದಪ್ಪ ವೈರನ್ನು ಪ್ಲೇಯರ್‌ನಲ್ಲಿ ಹಿಡಿದು ರೋಟರಿನ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ಇಡಿ. ಇಗ್ನಿಷನ್ ಆನ್ ಮಾಡಿ ಇನ್ಸುಲೇಷನ್ ಇರುವ ಸ್ಕ್ರೂ ಡ್ರೈವರ್‌ನಿಂದ ಪಾಯಿಂಟ್ ತೆರೆಯಿರಿ. ಮತ್ತೆ ಮತ್ತೆ ಜೋರು ಕಿಡಿ ಹಾರಿದರೆ ರೋಟರ್ ಸೋರುತ್ತಿದೆ. ಸರಿಯಿರುವ ರೋಟರ್‌ಗೆ ಕಿಡಿ ಹಾರಲು ದಾರಿಯೇ ಇಲ್ಲ.

ಪ್ಲಗ್ ಗ್ಯಾಪ್ 25 ಥೌ. ಪ್ಲಗ್ ಬಣ್ಣವನ್ನೂ ನೋಡಿ. ತಿಳಿ ಕಂದು ಇದ್ದರೆ ಚೆನ್ನ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒಂದೇ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಆ ಸಿಲಿಂಡರ್‌ಗೆ ಕಿಡಿ ಹೋಗುತ್ತಿಲ್ಲ.

ಕೆಂಪು ಲೈಟ್ ಆರದಿದ್ದರೆ

ಡೈನಮೋ ಇರುವ ಗಾಡಿಯಲ್ಲಿ ಐಡಲ್‌ನಲ್ಲಿ ಇಗ್ನಿಷನ್ ಲೈಟ್ ಮಿಣುಕುವುದು ಸಹಜ. ಸ್ವಲ್ಪ ರೇಸ್ ಕೊಟ್ಟರೂ ಆರದಿದ್ದರೆ ಮೊದಲು ಬೆಲ್ಟ್ ಒತ್ತಿ ನೋಡಿ. ಅದು ಬಿಗಿಯಿದ್ದರೆ ಡೈನಮೋದ ಡಿ ಮತ್ತು ಎಫ್ ವೈರ್ ಎರಡನ್ನೂ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ತುಂಡು ವೈರ್‌ನಿಂದ ಸೇರಿಸಿ, ಅಲ್ಲಿಂದ ಬಾಡಿಗೆ ವೋಲ್ಟ್ ಅಳೆಯಿರಿ. ಐಡಲ್‌ನಿಂದ ಮೆಲ್ಲಗೆ ರೇಸ್ ಏರಿಸಿದಂತೆ ಮೀಟರ್ ಸರಾಗವಾಗಿ 14 ದಾಟಬೇಕು. 20 ವೋಲ್ಟ್ ಮುಟ್ಟಲು ಬಿಡಬೇಡಿ. ಏರಿದರೆ ಡೈನಮೋ ಚೆನ್ನಾಗಿದೆ, ಚಾರ್ಜಿಂಗ್ ನಿಯಂತ್ರಿಸುವ ಕಟೌಟ್ ಬಾಕ್ಸ್ ನೋಡಿಸಿ. ಏರದಿದ್ದರೆ ಕಾರ್ಬನ್ ಬ್ರಷ್ ಸವೆದಿದೆಯಾ ನೋಡಿ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ಬೇಡ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೇ ಅಭ್ಯಾಸವಂತೂ ಬೇಡವೇ ಬೇಡ, ಡಯೋಡ್ ಹೋಗುತ್ತದೆ. ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇದ್ದರೆ ಸಾಕು.

ಫ್ಯೂಸ್ ಹಾರುತ್ತಿದ್ದರೆ

ಹಳೇ ಮಾಡೆಲ್‌ಗಳಲ್ಲಿ ಎರಡೇ ಫ್ಯೂಸ್. ಹಾರಿತು ಅಂತ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದವರು ಇದ್ದಾರೆ. ವೈರಿಂಗ್ ಸುಟ್ಟುಕೊಂಡವರೂ ಅವರೇ. ಹೊಸ ಫ್ಯೂಸ್ ಒಂದೊಂದಾಗಿ ಬಲಿ ಕೊಡುವ ಬದಲು ಫ್ಯೂಸ್ ಜಾಗದಲ್ಲಿ 21 ವ್ಯಾಟ್ ಬಲ್ಬ್ ಸಿಕ್ಕಿಸಿ. ಶಾರ್ಟ್ ಇದ್ದರೆ ಪ್ರಖರವಾಗಿ ಉರಿಯುತ್ತದೆ. ಈಗ ಆ ಸಾಲಿನ ವೈಪರ್, ಬ್ರೇಕ್ ಲೈಟ್, ಇಂಡಿಕೇಟರ್ ಒಂದೊಂದೇ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂಕಾಯಿತೋ ಅಲ್ಲೇ ಕಳ್ಳ. ವೈರ್ ತೂತಿನಲ್ಲಿ ಹಾದುಹೋಗುವ ಕಡೆ ರಬ್ಬರ್ ಗ್ರೊಮೆಟ್ ಹರಿದಿದೆಯಾ ಮೊದಲು ನೋಡಿ.

ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಜೊತೆಗೆ ಮಿಣುಕುತ್ತದೆ ಅಂದರೆ ಆ ಲ್ಯಾಂಪಿನ ಅರ್ಥ್ ಕೆಟ್ಟಿದೆ. ಬಲ್ಬ್ ಬದಲಿಸಬೇಡಿ, ಹೋಲ್ಡರ್ ಬುಡ ಉಜ್ಜಿ. ದೊಡ್ಡ ಹ್ಯಾಲೋಜನ್ ಬಲ್ಬ್ ಹಾಕಿಸಿದ್ದರೆ ರಿಲೇ ಹಾಕಿಸಿ, ಹಳೇ ಸ್ವಿಚ್ಚಿಗೆ ಆ ಭಾರ ತಡೆಯುವ ಶಕ್ತಿ ಇಲ್ಲ.

ಡಿಕ್ಕಿಯಲ್ಲಿ ಒಂದು ಡಬ್ಬಿ

ಪಾಯಿಂಟ್, ಕಂಡೆನ್ಸರ್, ರೋಟರ್, ಫ್ಯೂಸ್, ಕ್ಲಿಪ್ ವೈರ್, ಟೆಸ್ಟ್ ಲ್ಯಾಂಪ್. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರೆ ಇವೆಲ್ಲ ಈಗಲೂ ಸಿಗುತ್ತವೆ. ಆದರೆ ಪ್ಯಾಕೆಟ್ ಹೊಸದು ಅಂದಮಾತ್ರಕ್ಕೆ ಒಳಗಿನದು ಒಳ್ಳೆಯದು ಅಂತ ಅಲ್ಲ. ತಂದ ವಾರವೇ ಗಾಡಿಗೆ ಹಾಕಿ ನೂರು ಕಿಲೋಮೀಟರ್ ಓಡಿಸಿ, ಆಮೇಲೆ ಬಿಚ್ಚಿ ಡಬ್ಬಿಗೆ ಹಾಕಿಡಿ. ನಾನು ಅದರ ಮೇಲೆ ಟೇಪ್ ಅಂಟಿಸಿ 'ಓಡಿದ್ದು' ಅಂತ ಬರೆದಿಡುತ್ತೇನೆ. ಚಾರ್ಮಾಡಿ ಸಲ ಸುಮ್ನೆ ಬಿಚ್ಚಿ ಕೈಗೆ ಕೊಟ್ಟ ಹಳೇ ಕಾಯಿಲ್ ಕೂಡ ಆ ಡಬ್ಬಿಯಲ್ಲಿ, ಅದೇ ಚೀಟಿ ಹೊತ್ತು ಕೂತಿದೆ.